ಜಿಪ್ಸಿಯ ಭಾನುವಾರದ ಚಾಕರಿ

ದೀಪ, ಬಂಪರು, ದಪ್ಪ ಟೈರು ಆಮೇಲಿನ ಮಾತು. ಹಳೇ ಫೋರ್ ಬೈ ಫೋರ್ ಗಾಡಿ ಕಾಡುದಾರಿಯಲ್ಲಿ ಕೈಕೊಡಬಾರದು ಅಂದರೆ ದುಡ್ಡು, ಬಿಡುವು ಎರಡೂ ಮೊದಲು ಗಾಡಿಯ ಹೊಟ್ಟೆಯಡಿಗೆ ಹೋಗಬೇಕು.

ಹಳೇ ಜಿಪ್ಸಿ ಕೊಂಡವರು ಮೊದಲ ತಿಂಗಳು ಮಾಡಿಸುವ ಕೆಲಸ ಹೆಚ್ಚುಕಡಿಮೆ ಒಂದೇ ಥರ. ದಪ್ಪ ಟೈರು, ಕಬ್ಬಿಣದ ಬಂಪರು, ತಲೆಯ ಮೇಲೊಂದು ಸಾಲು ಎಲ್‌ಇಡಿ, ಪಕ್ಕದಲ್ಲಿ ಸೊಂಡಿಲಿನಂತೆ ಎದ್ದ ಸ್ನಾರ್ಕೆಲ್. ಗಾಡಿ ಫೋಟೋಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಗಾಡಿ ಸಕಲೇಶಪುರದ ಕಡೆಯ ಯಾವುದೋ ಗ್ಯಾರೇಜಿನಲ್ಲಿ ಮುಂದಿನ ಎರಡೂ ಚಕ್ರ ಕಳಚಿ ನಿಂತಿರುತ್ತದೆ. ಮೆಕ್ಯಾನಿಕ್ ದೀಪದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ‘ಗ್ರೀಸು ಹೊಡೆಸಿ ಎಷ್ಟು ದಿನ ಆಯ್ತು ಸಾರ್?’ ಅಂತಷ್ಟೇ ಕೇಳುತ್ತಾರೆ.

ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡವರ ಗಾಡಿ ಮೂವತ್ತು ವರ್ಷ ದಾಟಿದರೂ ಗುಡ್ಡ ಹತ್ತುತ್ತದೆ. ಕಂಪನಿಯಿಂದ ಬಂದ ದಿನ ಗಾಡಿ ಹೇಗಿತ್ತೋ ಮೊದಲು ಆ ಸ್ಥಿತಿಗೆ ತರುವುದು, ಅದರ ಮೇಲೆ ಏನಿದ್ದರೂ ಆಮೇಲೆ ಸೇರಿಸುವುದು: ಹಳೇ ಗಾಡಿಯ ಮಟ್ಟಿಗೆ ಕ್ರಮ ಅಂದರೆ ಇಷ್ಟೇ.

ಗಾಡಿಯ ಜಾತಕ

ಮಾರುತಿ ಜಿಪ್ಸಿ ಭಾರತದ ರಸ್ತೆಗೆ ಇಳಿದದ್ದು 1985ರ ಕೊನೆಗೆ. ಸುಜುಕಿಯ ಜಿಮ್ನಿ ವಂಶದ ಎಸ್‌ಜೆ 410 ಇದರ ಮೂಲ. ಮೊದಲು ಬಂದ ಎಂಜಿ 410ಕ್ಕೆ 970 ಸಿಸಿಯ ಸಣ್ಣ ಪೆಟ್ರೋಲ್ ಎಂಜಿನ್ ಇತ್ತು. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ನದು 1298 ಸಿಸಿ. ಮುಂದೆ ಅದಕ್ಕೇ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಸೇರಿ ಶಕ್ತಿ 80 ಎಚ್‌ಪಿಗೆ ಏರಿತು. ಎಂಜಿನ್ ಬದಲಾದರೂ ಕೆಳಗಿನ ಕಟ್ಟು ಬದಲಾಗಲಿಲ್ಲ. ಏಣಿಯಂಥ ಚಾಸಿ, ಹಿಂದೆಯೂ ಮುಂದೆಯೂ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಕೈಯಿಂದ ಹಾಕುವ ಫೋರ್ ವೀಲ್ ಗೇರು. ಸೈನ್ಯ, ಪೊಲೀಸು, ಅರಣ್ಯ ಇಲಾಖೆ, ರ‍್ಯಾಲಿ ಓಡಿಸುವವರು, ಕಾಫಿ ತೋಟದವರು ಎಲ್ಲರೂ ಇದನ್ನು ಬಳಸಿದರು. ಹೊಸ ಸುರಕ್ಷತಾ ನಿಯಮಗಳು ಬರುವ ಹೊತ್ತಿಗೆ ಉತ್ಪಾದನೆ ನಿಂತಿತು. ಅದೇ ವಂಶದ ಜಿಮ್ನಿ 2023ರಲ್ಲಿ ನಮ್ಮಲ್ಲಿಗೆ ಬಂದಿದೆ. ಹಳೇ ಜಿಪ್ಸಿಗಳು ಮಾತ್ರ ಇನ್ನೂ ಓಡುತ್ತಲೇ ಇವೆ.

ಮಲೆನಾಡಿನಲ್ಲಿ ಜಿಪ್ಸಿಗಿಂತ ಹಳೆಯ ಮನೆತನ ಮಹೀಂದ್ರ ಜೀಪಿನದು. 1947ರಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸಲು ಆರಂಭಿಸಿದ ಕಂಪನಿಯ ಗಾಡಿಗಳು ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುತ್ತಿವೆ. ಮುಂದೆ ಹೇಳುವ ಕೆಲಸಗಳಲ್ಲಿ ಬಹುಪಾಲು ಆ ಜೀಪುಗಳಿಗೂ ಹೊಂದುತ್ತವೆ.

ಶನಿವಾರ ತೊಳೆ, ಭಾನುವಾರ ಗ್ರೀಸು

ಕೆಲಸಕ್ಕೆ ಒಂದು ಸರದಿಯಿದೆ. ಶನಿವಾರ ಸಂಜೆ ಚಾಸಿ, ಆಕ್ಸಲ್, ಚಕ್ರದ ಒಳಮೈ ತೊಳೆದು ಒಣಗಲು ಬಿಡಬೇಕು. ಕೆಸರು ಮೆತ್ತಿಕೊಂಡಿದ್ದರೆ ಸೋರಿಕೆಯೂ ಕಾಣದು, ಬಿರುಕೂ ಕಾಣದು. ಚಾಸಿಯ ಪೆಟ್ಟಿಗೆಯೊಳಗೆ ಕೂತ ಮಣ್ಣು ತೇವ ಹಿಡಿದಿಟ್ಟು ಒಳಗಿನಿಂದಲೇ ತಿನ್ನುತ್ತದೆ. ಅದಕ್ಕಾಗಿ ನೀರು ಇಳಿಯುವ ತೂತುಗಳನ್ನು ತಂತಿಯಲ್ಲಿ ಬಿಡಿಸಬೇಕು. ಮ್ಯಾಟ್ ಎತ್ತಿ ಫ್ಲೋರ್ ನೋಡಬೇಕು. ತುಕ್ಕು ಕೆರೆಯದೆ ಮೇಲಿನಿಂದ ಕಪ್ಪು ಕೋಟಿಂಗ್ ಬಳಿಸಿದರೆ ತುಕ್ಕಿಗೆ ಕಂಬಳಿ ಹೊದಿಸಿದ ಹಾಗೆ. ಒಳಗೆ ಬೆಚ್ಚಗೆ ಬೆಳೆಯುತ್ತದೆ.

ಭಾನುವಾರ ಬೆಳಿಗ್ಗೆ ಗ್ರೀಸು. ತೊಳೆದ ಮೇಲೆ ಗ್ರೀಸು ಹೊಡೆದರೆ ಒಳಸೇರಿದ ನೀರನ್ನು ಅದು ಹೊರಗೆ ದಬ್ಬುತ್ತದೆ. ಜಿಪ್ಸಿಯಲ್ಲಿ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಹಿಂದೆ ಬೇರೆಯಾಗಿ ಕೂತಿದೆ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ಮೂರು: ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಗಿಡ್ಡದೊಂದು, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು. ಗಾಡಿ ಹೊರಡುವಾಗ ಕೆಳಗಿನಿಂದ ‘ಟಕ್’ ಅಂದರೆ ಮೊದಲ ಅನುಮಾನ ಶಾಫ್ಟಿನ ಕೀಲಿನಲ್ಲಿರುವ ಕ್ರಾಸಿನ ಮೇಲೆ. ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಶಾಫ್ಟನ್ನು ಕೈಯಲ್ಲಿ ತಿರುವಿ ನೋಡಿದರೆ ಆಟ ಗೊತ್ತಾಗುತ್ತದೆ. ಸ್ಪ್ರಿಂಗಿನ ರಬ್ಬರ್ ಬುಷ್‌ಗೆ ಮಾತ್ರ ಗ್ರೀಸು ಬೇಡ. ಪೆಟ್ರೋಲಿಯಂ ಗ್ರೀಸು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ.

ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ. ಗಾಡಿಯಡಿ ನುಗ್ಗುವ ಮೊದಲು ಚಾಸಿಗೆ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಭಾರಕ್ಕೆ ಸೀಳುತ್ತವೆ.

ಸ್ಟೇರಿಂಗ್ ಯಾಕೆ ಕುಣಿಯುತ್ತದೆ?

ಹಳೇ ಜಿಪ್ಸಿಯವರಿಗೆಲ್ಲ ಪರಿಚಯವಿರುವ ಕಾಯಿಲೆ ಇದು. ಐವತ್ತು ಅರವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದ್ದೇ ತಡ, ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎರಡೂ ಕಡೆ ಬಡಿದಾಡುತ್ತದೆ. ಗಾಡಿ ನಿಧಾನವಾಗುವವರೆಗೆ ಬಿಡುವುದಿಲ್ಲ. ಬಹಳ ಮಂದಿ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಿ, ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗುತ್ತಾರೆ. ಡ್ಯಾಂಪರ್ ಕಾಯಿಲೆಯನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ.

ಮೂಲ ಹೆಚ್ಚಾಗಿ ಕಿಂಗ್ ಪಿನ್ನಿನಲ್ಲಿರುತ್ತದೆ. ಮುಂದಿನ ಆಕ್ಸಲಿನ ತುದಿಯಲ್ಲಿ ಗುಂಡಗಿನ ಕಬ್ಬಿಣದ ಬುರುಡೆಯಿದೆ. ಚಕ್ರ ಹೊತ್ತ ನಕಲ್ ಅದರ ಮೇಲೊಂದು, ಕೆಳಗೊಂದು ಕಿಂಗ್ ಪಿನ್ ಹಿಡಿದು ಎಡಬಲಕ್ಕೆ ತಿರುಗುತ್ತದೆ. ಎರಡೂ ಕಡೆ ಸಣ್ಣ ಟೇಪರ್ ಬೇರಿಂಗ್. ಅದು ಸವೆದರೆ ಅಥವಾ ಸಡಿಲಾದರೆ ಚಕ್ರಕ್ಕೆ ಹಿಡಿತ ತಪ್ಪುತ್ತದೆ.

ಬಿಗಿಯನ್ನು ಅಳೆಯುವ ಉಪಾಯ ಚೆಂದ ಇದೆ. ಬುರುಡೆಯ ಸೀಲು ಬಿಚ್ಚಿ, ಟೈ ರಾಡ್ ಕಳಚಿ, ಅದು ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಬೇಕು. ಮೀನು ತೂಗುವ ಅದೇ ತಕ್ಕಡಿ ಸಾಕು. ನಕಲ್ ಅಲುಗಲು 1ರಿಂದ 1.8 ಕೆ.ಜಿ.ಯಷ್ಟು ಎಳೆತ ಬೇಕು. ಅದಕ್ಕೂ ಮೊದಲೇ ಹೊರಳಿದರೆ ಕಿಂಗ್ ಪಿನ್ನಿನ ಅಡಿಯ ತೆಳು ಶಿಮ್ ಒಂದನ್ನು ತೆಗೆದು ಬಿಗಿ ಮಾಡುತ್ತಾರೆ. ಬಿಗಿ ಹೆಚ್ಚಾದರೆ ಒಂದನ್ನು ಸೇರಿಸುತ್ತಾರೆ. ಕೈಯಂದಾಜಿನಲ್ಲಿ ಬೋಲ್ಟ್ ತಿರುವಿ ‘ಸರಿ ಹೋಯ್ತು’ ಅನ್ನುವವರಿಗೂ ತಕ್ಕಡಿ ಹಿಡಿದು ಕೂರುವವರಿಗೂ ಇರುವ ಅಂತರ ಹೆದ್ದಾರಿಯಲ್ಲಿ ಗೊತ್ತಾಗುತ್ತದೆ.

ಬುರುಡೆಯ ಮೇಲಿನ ಒದ್ದೆಯನ್ನೂ ಗಮನಿಸಿ. ಗಟ್ಟಿ ಗ್ರೀಸಿನ ತೆಳುಪದರ ಇದ್ದರೆ ತೊಂದರೆಯಿಲ್ಲ. ತೆಳ್ಳಗಿನ ಎಣ್ಣೆ ಒಸರಿ ಟೈರಿನವರೆಗೆ ಇಳಿದಿದ್ದರೆ ಒಳಗಿನ ಆಕ್ಸಲ್ ಸೀಲು ಹೋಗಿ ಡಿಫರೆನ್ಶಿಯಲ್ ಎಣ್ಣೆ ಗ್ರೀಸಿಗೆ ಬೆರೆಯುತ್ತಿದೆ ಅಂತ ಅರ್ಥ.

ಎಣ್ಣೆಗೆ ಸೇರುವ ಹೊಳೆ ನೀರು

ಹೊಳೆ ದಾಟುವ ಗಾಡಿಗೆ ಹೊರಗಿನ ನೀರಿಗಿಂತ ಒಳಹೋಗುವ ನೀರು ಅಪಾಯ. ಗುಡ್ಡ ಹತ್ತಿ ಬಂದ ಆಕ್ಸಲ್ ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಆಕ್ಸಲಿನ ಮೇಲೆ ಗಾಳಿಯಾಡಲು ಇರುವ ಪುಟ್ಟ ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ನೀರು ಸೀಲಿನ ಅಂಚಿನಿಂದ ನುಗ್ಗುತ್ತದೆ. ಬ್ರೀದರ್ ತೆರೆದೇ ಇದ್ದು ನೀರಿನಲ್ಲಿ ಮುಳುಗಿದ್ದರೆ ನೇರ ಅದರಿಂದಲೇ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತಡಮಾಡದೆ ಬದಲಿಸಬೇಕು.

ಇದಕ್ಕೆ ಮದ್ದು ಕೆಲವು ಅಡಿ ರಬ್ಬರ್ ಪೈಪು. ಎರಡೂ ಆಕ್ಸಲಿನ ಬ್ರೀದರಿನಿಂದ ಪೈಪು ಎಳೆದು ಎಂಜಿನ್ ಕೋಣೆಯ ಎತ್ತರಕ್ಕೆ ಕಟ್ಟಿದರೆ ಆಯಿತು. ಸಾವಿರಾರು ರೂಪಾಯಿಯ ಸ್ನಾರ್ಕೆಲ್ಲಿಗಿಂತ ಮೊದಲು ಆಗಬೇಕಾದ ಅಪ್‌ಗ್ರೇಡ್ ಇದು.

ಎಣ್ಣೆ ಕೊಳ್ಳುವಾಗ ಡಬ್ಬದ ಮೇಲಿನ ಅಕ್ಷರ ಓದಿ. ಡಿಫರೆನ್ಶಿಯಲ್ಲಿಗೆ ಜಿಎಲ್-5 ದರ್ಜೆ ಸರಿ. ಗೇರ್‌ಬಾಕ್ಸಿಗೆ ಕಂಪನಿ ಕೈಪಿಡಿ ಹೇಳಿದ ದರ್ಜೆಯೇ ಬೇಕು. ಜಿಎಲ್-5ನಲ್ಲಿ ಹೆಚ್ಚಿಗೆ ಇರುವ ಗಂಧಕ, ರಂಜಕದ ಸೇರ್ಪಡೆಗಳು ಹಳೇ ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊನೈಸರ್ ಬಳೆಗಳಿಗೆ ಆಗಿಬರುವುದಿಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ತೇವ ಹೀರುತ್ತದೆ, ಹಳೇ ರಬ್ಬರನ್ನು ಸಡಿಲಿಸುತ್ತದೆ. ಕಾರ್ಬ್ಯುರೇಟರ್ ಗಾಡಿಯಾಗಿದ್ದರೆ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವವಕ್ಕೆ ಬದಲಿಸಿ, ಫಿಲ್ಟರ್ ಆಗಾಗ ನೋಡುತ್ತಿರಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಂತೂ ಒಳ್ಳೆಯದಲ್ಲ. ಫೋರ್ ವೀಲ್ ಗೇರನ್ನೂ ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಹಾಕಿ ಓಡಿಸಬೇಕು. ಒಣ ಟಾರು ರಸ್ತೆಯಲ್ಲಿ ಬೇಡ. ಮುಂದಿನ, ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಶಿಯಲ್ ಇಲ್ಲದ ಕಾರಣ ತಿರುವಿನಲ್ಲಿ ಶಾಫ್ಟುಗಳು ಒಂದಕ್ಕೊಂದು ತಿರುಚಿಕೊಳ್ಳುತ್ತವೆ.

ದಪ್ಪ ಟೈರಿನ ಲೆಕ್ಕ

ಇಷ್ಟಾದ ಮೇಲೆ ಅಪ್‌ಗ್ರೇಡ್ ಯೋಚಿಸಬಹುದು. ಆಸೆ ಮೊದಲು ಹೋಗುವುದು ಟೈರಿನ ಕಡೆ. 205/70 ಆರ್ 15 ಟೈರಿನ ಎತ್ತರ ಸುಮಾರು 668 ಮಿ.ಮೀ. ಅದರ ಜಾಗಕ್ಕೆ 235/75 ಆರ್ 15 ಹಾಕಿದರೆ ಸುಮಾರು 733. ಡಿಫರೆನ್ಶಿಯಲ್ ನೆಲದಿಂದ ಮೇಲೇಳುವುದು ಅದರ ಅರ್ಧ, ಹೆಚ್ಚೆಂದರೆ 33 ಮಿ.ಮೀ. ಅಷ್ಟಕ್ಕೆ ಕೊಡುವ ಬೆಲೆ ಏನು? ಪ್ರತಿ ಗೇರೂ ಶೇ 10ರಷ್ಟು ಭಾರವಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿರುತ್ತದೆ. ಬ್ರೇಕು ಹಿಡಿಯಲು ಹೆಚ್ಚು ದಮ್ಮು ಬೇಕು, ವೀಲ್ ಬೇರಿಂಗಿನ ಮೇಲೆ ಭಾರ ಏರುತ್ತದೆ, ಕಿಂಗ್ ಪಿನ್ ಬೇಗ ಸವೆಯುತ್ತದೆ. 970 ಸಿಸಿ ಎಂಜಿನ್ನಿಗೆ ಇದು ದೊಡ್ಡ ಹೊರೆ.

ಸ್ಪ್ರಿಂಗ್ ಎತ್ತರಿಸುವುದರ ಕಥೆ ಇನ್ನೂ ಉದ್ದ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಸ್ಪ್ರಿಂಗ್ ಎತ್ತಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಬಡಿಯುವುದು ಅದೇ. ಶಾಫ್ಟಿನ ಕೋನ ಕಡಿದಾಗಿ ಕ್ರಾಸ್ ಬೇಗ ಸವೆಯುತ್ತದೆ, ಬ್ರೇಕ್ ಹೋಸಿನ ಉದ್ದ ಸಾಲದಾಗುತ್ತದೆ, ಸ್ಟೇರಿಂಗ್ ಕಡ್ಡಿಯ ಓರೆ ಹೆಚ್ಚುತ್ತದೆ. ಒಂದನ್ನು ಮುಟ್ಟಿದರೆ ನಾಲ್ಕನ್ನು ಮುಟ್ಟಬೇಕು.

ಕಡಿಮೆ ದುಡ್ಡಿಗೆ ಹೆಚ್ಚು ಫಲ ಕೊಡುವುದು ಹೆಡ್‌ಲೈಟಿಗೆ ರಿಲೇ. ಹಳೇ ವೈರು, ಸವೆದ ಸ್ವಿಚ್ಚಿನ ಮೂಲಕ ಬರುವ ಕರೆಂಟು ದಾರಿಯಲ್ಲೇ ಕುಗ್ಗುತ್ತದೆ. ವೋಲ್ಟೇಜ್ ಶೇ 10 ಇಳಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ಶೇ 30ರಷ್ಟು ಕಡಿಮೆಯಾಗುತ್ತದೆ. ಫ್ಯೂಸ್ ಹಾಕಿ ಬ್ಯಾಟರಿಯಿಂದ ನೇರ ಎಳೆದ ದಪ್ಪ ವೈರು, ಎರಡು ರಿಲೇ ಇದ್ದರೆ ಕಂಪನಿಯ 60/55 ವ್ಯಾಟ್ ಬಲ್ಬೇ ಹೊಸದರಂತೆ ಉರಿಯುತ್ತದೆ. ಇನ್ನೊಂದು, ಟೈರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರ್. ಕೆಸರಿನಲ್ಲಿ ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಸಿಗುತ್ತದೆ. ಟಾರಿಗೆ ಬಂದಾಗ ಮತ್ತೆ ತುಂಬಿಕೊಳ್ಳಬೇಕು.

ಆರ್‌ಟಿಒ ಕಣ್ಣಿಗೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. ನೋಂದಣಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮುಂದಿನ ಕಬ್ಬಿಣದ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿತ್ತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲವೂ ಗಾಡಿ ತೋರಿಸಬೇಕು. ಬದಲಾವಣೆ ಕಡಿಮೆ ಇದ್ದಷ್ಟೂ ಆ ದಿನ ಸಲೀಸು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇವೆ. ಹಳೇ ಗೇರು, ಹಬ್, ಲಿವರ್ ಗುಜರಿಯಲ್ಲಿ ಆರಿಸಬಹುದು. ಬೇರಿಂಗ್, ಸೀಲು, ಬ್ರೇಕಿನ ರಬ್ಬರು ಮಾತ್ರ ಹೊಸದೇ ಇರಲಿ. ಬ್ರೇಕ್ ಆಯಿಲ್ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಲಿ.

ಸ್ಪ್ರಿಂಗ್ ಬಿಚ್ಚಿ ಹಾಕಿದ್ದರೆ ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಬೇಕು. ಪಟ್ಟಿಗಳು ಒಂದರ ಮೇಲೊಂದು ಕೂತಾಗ ನಟ್ಟು ಸಡಿಲಾಗುತ್ತದೆ. ಚಕ್ರದ ನಟ್ಟಿಗೂ ಅದೇ ಮಾತು. ಮಾಡಿದ ಕೆಲಸ, ಆ ದಿನದ ಕಿಲೋಮೀಟರ್, ಹಾಕಿದ ಎಣ್ಣೆಯ ದರ್ಜೆ ಒಂದು ನೋಟ್‌ಬುಕ್‌ನಲ್ಲಿರಲಿ. ಹಳೇ ಜಿಪ್ಸಿ ಕೊಳ್ಳಲು ಹೋಗುವವರು ಪೇಂಟ್ ನೋಡುವುದಕ್ಕಿಂತ ಮೊದಲು ಆ ನೋಟ್‌ಬುಕ್ ಕೇಳಲಿ. ಇಲ್ಲ ಅಂದರೆ ಕಿಂಗ್ ಪಿನ್ನಿನಿಂದ ಹಿಡಿದು ಡಿಫರೆನ್ಶಿಯಲ್ ಎಣ್ಣೆಯವರೆಗಿನ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಿಗೆ ಕೂರಲಿ.