ಅರ್ಧ ಮಿಲಿಮೀಟರಿನ ಪವಾಡ

1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಪುಟ್ಟ ಕಡ್ಡಿಯೊಂದರಿಂದ ಜಗತ್ತಿನ ಮೊದಲ ಲೇಸರ್ ಕಿರಣ ಹೊಮ್ಮಿಸಿದರು. ಮರುವರ್ಷದ ಡಿಸೆಂಬರಿನಲ್ಲೇ ನ್ಯೂಯಾರ್ಕಿನ ಕಣ್ಣಿನ ವೈದ್ಯ ಚಾರ್ಲ್ಸ್ ಕ್ಯಾಂಪ್‌ಬೆಲ್ ಅದನ್ನು ರೋಗಿಯ ರೆಟಿನಾದ ಗೆಡ್ಡೆಯೊಂದರ ಮೇಲೆ ಪ್ರಯೋಗಿಸಿದ್ದರು. ವೈದ್ಯರು ಹೊಸ ಯಂತ್ರವನ್ನು ಇಷ್ಟು ಬೇಗ ನಂಬುವುದು ಅಪರೂಪವೇ.

ಕಣ್ಣಿನಲ್ಲಿ ಗೆದ್ದ ಮಾಣಿಕ್ಯ ಮಾಂಸದ ಮುಂದೆ ಸೋತಿತು. ಅದರ ಕೆಂಪು ಬೆಳಕನ್ನು ಚರ್ಮದ ಕಪ್ಪು ವರ್ಣಕ ಹೀರುತ್ತದೆ. ನೀರು, ರಕ್ತ ಹೆಚ್ಚು ಹೀರುವುದಿಲ್ಲ. ಜೊತೆಗೆ ಅದು ಕ್ಷಣಾರ್ಧದ ಹೊಡೆತಗಳಾಗಿ ಬರುವ ಬೆಳಕು. ಪ್ರಾಣಿಗಳ ಗೆಡ್ಡೆಗಳ ಮೇಲೆ ಬಿಟ್ಟಾಗ ಅಂಗಾಂಶ ಸೀಳುವ ಬದಲು ಸಿಡಿಯಿತು, ಜೀವಂತ ಕ್ಯಾನ್ಸರ್ ಕೋಶಗಳು ಸುತ್ತ ಹಾರಿದವು. ಶಸ್ತ್ರವೈದ್ಯನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇರೆಯಿಲ್ಲ. ಬೇಕಾಗಿದ್ದದ್ದು ಹೆಚ್ಚು ಶಕ್ತಿಯಲ್ಲ, ಬೇರೆ ಬಣ್ಣ.

ಆ ಬಣ್ಣ ಸಿಕ್ಕಿದ್ದು 1964ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕಂಡುಹಿಡಿದವರು ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸಿ. ಕುಮಾರ್ ಪಟೇಲ್. ಅವರ ಆಸಕ್ತಿಯಿದ್ದದ್ದು ಅನಿಲದ ಅಣುಗಳು ಕಂಪಿಸುವ ರೀತಿಯಲ್ಲಿ. ಕಾರ್ಬನ್ ಡೈ ಆಕ್ಸೈಡಿನಿಂದ ಅವರು ಹೊರಡಿಸಿದ್ದು 10.6 ಮೈಕ್ರೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಕಿರಣ. ಅದನ್ನು ನೀರು ಗಟಗಟನೆ ಕುಡಿದುಬಿಡುತ್ತದೆ. ನಮ್ಮ ಮೃದು ಅಂಗಾಂಶದ ಮುಕ್ಕಾಲು ಪಾಲು ನೀರೇ ತಾನೆ? ಕಿರಣ ಬಿದ್ದಲ್ಲಿ ಜೀವಕೋಶದೊಳಗಿನ ನೀರು ಕುದಿದು ಆವಿಯಾಗುತ್ತದೆ, ಗೆರೆ ಎಳೆದಂತೆ ಅಂಗಾಂಶ ಬಿಚ್ಚಿಕೊಳ್ಳುತ್ತದೆ. ಅಂಚಿಗೆ ತಗುಲಿದ ಶಾಖಕ್ಕೆ ಸಣ್ಣ ರಕ್ತನಾಳಗಳ ಗೋಡೆ ಕುಗ್ಗಿ ಬಾಯಿ ಮುಚ್ಚುತ್ತದೆ.

ತೊಡಕೂ ಇತ್ತು. ಈ ಕಿರಣ ಮಾಮೂಲಿ ಗಾಜಿನ ತಂತುವಿನಲ್ಲಿ ಸಾಗುವುದಿಲ್ಲ. ಹಾಗಾಗಿ ಕೀಲುಕೀಲಿಗೂ ಕನ್ನಡಿ ಕೂರಿಸಿದ ಉದ್ದನೆಯ ತೋಳು ಬೇಕಾಯಿತು. ಕಾಣದ ಕಿರಣ ಎಲ್ಲಿ ಬೀಳುತ್ತದೆಂದು ತೋರಿಸಲು ಜೊತೆಗೊಂದು ಕೆಂಪು ಚುಕ್ಕಿ. ಬೋಸ್ಟನ್ನಿನ ಗೆಜಾ ಜಾಕೊ ಮತ್ತು ಸ್ಟುವರ್ಟ್ ಸ್ಟ್ರಾಂಗ್ ಇದನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ ಧ್ವನಿಪೆಟ್ಟಿಗೆಯ ಶಸ್ತ್ರಕ್ರಿಯೆಗೆ ಇಳಿಸಿದರು. 1972ರಲ್ಲಿ ವರದಿ ಪ್ರಕಟಿಸಿದರು. ಮಕ್ಕಳ ಸ್ವರತಂತುಗಳ ಮೇಲೆ ಮತ್ತೆ ಮತ್ತೆ ಚಿಗುರುವ ನರುಲಿಗಳನ್ನು ಇಕ್ಕಳದಿಂದ ಕಿತ್ತರೆ ರಕ್ತ ತುಂಬಿ ಏನೂ ಕಾಣದಾಗುತ್ತಿತ್ತು. ಈಗ ಕಣ್ಣು ಸೂಕ್ಷ್ಮದರ್ಶಕದಲ್ಲಿ, ಬೆರಳು ಪುಟ್ಟ ಹಿಡಿಯ ಮೇಲೆ, ಕಾಲು ಪೆಡಲ್ ಮೇಲೆ. ಕೆಂಪು ಚುಕ್ಕಿ ಕೂತಲ್ಲಿ ಸಣ್ಣ ಹೊಗೆಯೆದ್ದು ನರುಲಿ ಮಾಯ.

ಆದರೆ ಅರಿವಳಿಕೆಯ ಕೊಳವೆ ಹಾದುಹೋಗುವುದೂ ಅಲ್ಲೇ, ಅದರೊಳಗೆ ಆಮ್ಲಜನಕ. ಕಿರಣ ಜಾರಿ ತಾಗಿದರೆ ಕೊಳವೆ ರೋಗಿಯ ಶ್ವಾಸನಾಳದೊಳಗೇ ಹೊತ್ತಿಕೊಳ್ಳುತ್ತದೆ. ಅಂಥ ದುರಂತಗಳು ನಡೆದಿವೆ. ಅದಕ್ಕೇ ಸುತ್ತ ಒದ್ದೆ ಹತ್ತಿ ಇಡುತ್ತಾರೆ, ವಿಶೇಷ ಕೊಳವೆ ಬಳಸುತ್ತಾರೆ. ಕೊಳವೆಯ ತುದಿಯ ಬಲೂನಿಗೆ ಗಾಳಿಯ ಬದಲು ನೀಲಿ ಬೆರೆಸಿದ ಸಲೈನ್ ತುಂಬುವುದುಂಟು. ತೂತಾದರೆ ನೀಲಿ ಚಿಮ್ಮಿ ಎಚ್ಚರಿಸುತ್ತದೆ, ನೀರು ಕಿಡಿಯನ್ನೂ ತಣಿಸುತ್ತದೆ. ಈ ನೀಲಿ ನೀರಿನ ಉಪಾಯ ನನಗೆ ಲೇಸರಿನಷ್ಟೇ ದೊಡ್ಡದಾಗಿ ಕಾಣುತ್ತದೆ.

ಇನ್ನು ರಕ್ತಸ್ರಾವದ ಮಾತು. ಈ ಲೇಸರ್ ನೆಚ್ಚಿಕೊಂಡು ಮುಚ್ಚಬಲ್ಲದ್ದು ಸುಮಾರು ಅರ್ಧ ಮಿಲಿಮೀಟರ್ ದಪ್ಪದವರೆಗಿನ ನಾಳಗಳನ್ನು. ಬಸ್ಸುಗಳ ಬೆನ್ನ ಮೇಲಿನ ‘ಲೇಸರ್ ಚಿಕಿತ್ಸೆ, ರಕ್ತವಿಲ್ಲ’ ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ನಾಳ ಸ್ವಲ್ಪ ದೊಡ್ಡದಾದರೆ ವೈದ್ಯರು ಕಿರಣವನ್ನು ಅಗಲಿಸಿ ಬೇಯಿಸಿ ನೋಡುತ್ತಾರೆ; ಇನ್ನೂ ದೊಡ್ಡದಾದರೆ ಕ್ಲಾಂಪು, ದಾರ. ನಿಯೋಡಿಮಿಯಂ ಯಾಗ್ ಎಂಬ ಇನ್ನೊಂದು ಬಗೆಯ ಲೇಸರ್ ಹಲವು ಮಿಲಿಮೀಟರ್ ಆಳಕ್ಕಿಳಿದು ದೊಡ್ಡ ನಾಳಗಳನ್ನೂ ಹೆಪ್ಪುಗಟ್ಟಿಸುತ್ತದೆ. ಗಾಜಿನ ತಂತುವಿನಲ್ಲೂ ಸಾಗುವುದರಿಂದ 1970ರ ದಶಕದಲ್ಲಿ ಎಂಡೋಸ್ಕೋಪ್ ಮೂಲಕ ಹೊಟ್ಟೆಯ ಹುಣ್ಣಿನ ರಕ್ತ ನಿಲ್ಲಿಸಲು ಹೋಯಿತು. ಆಳಕ್ಕಿಳಿಯುವ ಗುಣವೇ ಅದರ ದೋಷ: ನಯವಾಗಿ ಕೊಯ್ಯಲಾರದು, ಎಚ್ಚರ ತಪ್ಪಿದರೆ ಗೋಡೆಯನ್ನೇ ತೂತು ಮಾಡೀತು. ಚೆನ್ನಾಗಿ ಕೊಯ್ಯುವುದು ರಕ್ತ ನಿಲ್ಲಿಸುವುದರಲ್ಲಿ ಹಿಂದೆ, ರಕ್ತ ನಿಲ್ಲಿಸುವುದು ಕೊಯ್ಯುವುದರಲ್ಲಿ ಹಿಂದೆ.

ನಡುವಿನ ದಾರಿ ಹೋಲ್ಮಿಯಂ ಲೇಸರಿನದು. ಅದನ್ನೂ ನೀರು ಹೀರುತ್ತದೆ, ಆದರೆ ಅದು ತಂತುವಿನಲ್ಲಿ ಸಾಗುತ್ತದೆ. 1990ರ ದಶಕದಲ್ಲಿ ನ್ಯೂಜಿಲೆಂಡಿನ ವೈದ್ಯರು ಹೊಟ್ಟೆ ಕೊಯ್ಯದೆ, ಮೂತ್ರನಾಳದ ದಾರಿಯಿಂದಲೇ ದೊಡ್ಡ ಪ್ರಾಸ್ಟೇಟನ್ನು ಸಿಪ್ಪೆಯಿಂದ ಬಿಡಿಸುವ ವಿಧಾನ ರೂಪಿಸಿದರು. ಹಾಗೆ ಬಿಡಿಸಿದ ಗೆಡ್ಡೆಯನ್ನು ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಚೂರು ಮಾಡಿ ಹೊರಗೆಳೆಯಲು ಬೇಕಾಗುವುದು ಮಾತ್ರ ಉಕ್ಕಿನ ಬ್ಲೇಡಿನ ಯಂತ್ರವೇ.