ಕೆಜಿಎಫ್: ಕೂಲಿಯೂ ಸೂರೂ ಒಂದೇ ಕೈಯಲ್ಲಿದ್ದ ಊರು

ಕೋಲಾರದ ಚಿನ್ನದ ಗಣಿ ಪ್ರದೇಶ, ಜನರ ಬಾಯಲ್ಲಿ ಕೆಜಿಎಫ್, ಕಂಪನಿಯೇ ಕಟ್ಟಿ ಕಂಪನಿಯೇ ಆಳಿದ ಊರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಗಣಿಗಳ ಸುತ್ತ ಒಂದು ಪಟ್ಟಣವೇ ಎದ್ದಿತು. ಮನೆ, ನೀರು, ಆಸ್ಪತ್ರೆ ಎಲ್ಲವೂ ಗಣಿ ಕಂಪನಿಗಳ ಸುಪರ್ದಿಯಲ್ಲಿದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಯುರೋಪಿಯನ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳಿದ್ದವು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಕಾರ್ಮಿಕರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಬಿದಿರು ತಟ್ಟಿಯ ಗುಡಿಸಲುಗಳ ಸಾಲು. ಅದಕ್ಕೆ 'ಲೈನು' ಎಂದೇ ಹೆಸರು. ಕೆಲಸ ಹೋದರೆ ಲೈನಿನ ಮನೆಯೂ ಹೋಯಿತು. ಕೂಲಿಯ ವಿಷಯಕ್ಕೆ ಧಣಿಯನ್ನು ಎದುರು ಹಾಕಿಕೊಂಡವನು ಹೆಂಡತಿ ಮಕ್ಕಳ ಸೂರನ್ನೂ ಪಣಕ್ಕಿಟ್ಟಂತೆಯೇ. ಕಂಪನಿ ಊರಿನ ಅಸಲು ಬಿಗಿ ಇರುವುದು ಇಲ್ಲಿ.

ಕಾನೂನು ಕೂಡ ಮೊದಲು ಕಾಯ್ದದ್ದು ಚಿನ್ನವನ್ನು. 1897ರ ಮೈಸೂರು ಗಣಿ ಕಾಯಿದೆಗೆ ಕಳವು ತಡೆಯುವುದೇ ದೊಡ್ಡ ಚಿಂತೆಯಾಗಿತ್ತು. ನೆಲದಡಿಯಲ್ಲಿ ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹಿಡಿಸಿಕೊಂಡವರು ಆಮೇಲಿನ ಮಾತು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ, ತಮ್ಮನ್ನು ಕಳ್ಳರಂತೆ ಎಣಿಸಲಾಗುತ್ತಿದೆ ಎಂದು ಸಾವಿರಾರು ಮಂದಿ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಆಗ ಅವರಿಗೆ ಮಾನ್ಯತೆ ಪಡೆದ ಸಂಘವೇ ಇರಲಿಲ್ಲ. ಬ್ರಿಟಿಷ್ ಇಂಡಿಯಾದ 1926ರ ಕಾರ್ಮಿಕ ಸಂಘಗಳ ಕಾಯಿದೆ ಮೈಸೂರು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಮೈಸೂರಿನಲ್ಲಿ ಸಂಘಗಳಿಗೆ ಕಾನೂನಿನ ಮನ್ನಣೆ ದೊರೆತದ್ದು 1940ರ ದಶಕದ ಮೊದಲಲ್ಲಿ, ಅದೂ ಸಾಲು ಸಾಲು ಮುಷ್ಕರಗಳ ಬಳಿಕ. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಇಲ್ಲಿ ಯಾವ ಹಕ್ಕೂ ಕಂಪನಿಯ ದೊಡ್ಡ ಮನಸ್ಸಿನಿಂದ ಬಂದದ್ದಲ್ಲ.

1956ರಲ್ಲಿ ಗಣಿಗಳು ಸರ್ಕಾರದ ಪಾಲಾದವು. 1972ರಲ್ಲಿ ಅವುಗಳನ್ನು ನಡೆಸಲು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಹುಟ್ಟಿತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು.

ಕಾರ್ಮಿಕ ಕಾನೂನು ಬಿಗಿಯಾದರೆ ಉದ್ಯಮ ಉಳಿಯದು ಎಂಬ ವಾದ ಇಂದಿಗೂ ಇದೆ. ಸಂಸತ್ತು 2019–20ರಲ್ಲಿ 29 ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಒಗ್ಗೂಡಿಸಿದಾಗ, ಕಾರ್ಖಾನೆ ಮುಚ್ಚಲು ಸರ್ಕಾರದ ಮುನ್ನನುಮತಿ ಬೇಕಾಗುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿತು. ಆದರೆ ಕೆಜಿಎಫ್ ಮುಚ್ಚಿದ್ದು ಕಾರ್ಮಿಕರ ಹಕ್ಕುಗಳಿಂದಲ್ಲ. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿದಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿ.ಮೀ. ದಾಟಿತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಮುಚ್ಚಿದ ಮೇಲೂ ಸಾವಿರಾರು ಕುಟುಂಬಗಳು ಕಂಪನಿಯ ಮನೆಗಳಲ್ಲೇ ಉಳಿದವು. ದುಡಿಮೆಗೆ ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಬೆಂಗಳೂರಿನ ರೈಲು ಹತ್ತಿದವು. ಉದ್ಯಮ ಮುಚ್ಚುವಾಗ ಪರಿಹಾರದ ಜೊತೆಗೆ ಕಾರ್ಮಿಕನ ಮನೆಯ ಹಕ್ಕನ್ನೂ ಕಾನೂನು ಸ್ಪಷ್ಟವಾಗಿ ಬರೆದಿಡಬೇಕು.