ದರಗಿನ ಕಾಲ ಬಂತು, ಉಣುಗಿನ ಕಾಲವೂ ಬಂತು

ಮೊನ್ನೆ ಸಂಘದ ಗೊಬ್ಬರದ ದಾಸ್ತಾನಿನ ಮುಂದೆ ನಾಲ್ಕಾರು ಮಂದಿ ಸದಸ್ಯರು ಲಾರಿ ಕಾಯುತ್ತ ಕುಳಿತಿದ್ದಾಗ, ಹಿರಿಯರೊಬ್ಬರು ತಮ್ಮ ಸೊಪ್ಪಿನ ಬೆಟ್ಟದಲ್ಲಿ ಎರಡು ಮುಸಿಯಗಳು ಸತ್ತು ಬಿದ್ದಿದ್ದ ಸಂಗತಿ ಹೇಳಿದರು. "ಹೋಗ್ಲಿ ಬಿಡಿ ಭಟ್ರೇ, ಈ ವರ್ಷ ಬಾಳೆಗೊನೆಯಾದ್ರೂ ಉಳೀತು" ಎಂದು ಮತ್ತೊಬ್ಬರು ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಮಂಗಗಳ ಹಾವಳಿಯಿಂದ ಎಳೆ ಅಡಿಕೆ, ಏಲಕ್ಕಿ, ಬಾಳೆ ಕಳೆದುಕೊಂಡವರಿಗೆ ಆ ನಗು ಬರುವುದು ಸಹಜವೇ. ಆದರೆ ಮನೆಗೆ ಬಂದ ಮೇಲೆ ಆ ನಗು ನಮ್ಮನ್ನು ಚುಚ್ಚತೊಡಗಿತು. ಏಕೆಂದರೆ ಇಂಥದೇ ಒಂದು ಸಂದರ್ಭದಲ್ಲಿ ನಾವು ಮಾಡಿದ ತಪ್ಪಿನ ಫಲವನ್ನು ಬೇರೊಬ್ಬರು ಉಂಡದ್ದು ನಮಗೆ ಮರೆತಿಲ್ಲ.

ಕೆಲವು ವರ್ಷಗಳ ಹಿಂದೆ, ಮಾಘಮಾಸದಲ್ಲಿ, ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಒಂದು ಮಂಗ ಸತ್ತಿತ್ತು. ವಾಸನೆ ಬರುತ್ತದೆಂದು ಅದನ್ನು ಮಣ್ಣು ಮಾಡಿಸಿ, ಯಾರಿಗೂ ಹೇಳದೆ ಸುಮ್ಮನಾದೆವು. ಹೇಳಿದರೆ ಇಲಾಖೆಯವರು ಬಂದು ನೂರೆಂಟು ಪ್ರಶ್ನೆ ಕೇಳಿಯಾರೆಂಬ ಹೆದರಿಕೆ ಬೇರೆ. ವಾರ ಕಳೆಯುವಷ್ಟರಲ್ಲಿ ಅದೇ ಜಾಗದಿಂದ ದರಗು ಗುಡಿಸಿ ಹೊತ್ತು ತಂದ ಹೆಂಗಸಿಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡ ಮುಟ್ಟಗೊಡದಷ್ಟು ನೋವು, ಕೆಂಡದಂಥ ಕಣ್ಣು. ಹನ್ನೆರಡು ದಿನಕ್ಕೆ ಜ್ವರ ಬಿಟ್ಟಿತು. ಗುಣವಾಯಿತೆಂದು ಎಲ್ಲರೂ ಉಸಿರು ಬಿಟ್ಟೆವು. ಆದರೆ ಮತ್ತೊಂದು ವಾರ ಕಳೆದ ಮೇಲೆ ಜ್ವರ ಮರಳಿತು. ಈ ಸಲ ಕೈ ನಡುಗುತ್ತಿತ್ತು, ಮಾತು ತಡವರಿಸುತ್ತಿತ್ತು, ಒಂದು ರಾತ್ರಿ ಸ್ವಂತ ಮಗಳನ್ನೇ ಗುರುತಿಸಲಿಲ್ಲ. ಆಕೆ ಬದುಕಿ ಬಂದದ್ದು ಪುಣ್ಯ. ಆದರೆ ಆ ವರ್ಷದ ಕೊಯ್ಲಿನ ಕೂಲಿಯಷ್ಟೂ ಹೋಯಿತು.

ಮಂಗನ ಕಾಯಿಲೆಯೆಂದು ನಾವು ಕರೆಯುವ ಈ ರೋಗದ ಊರು ನಮ್ಮ ಮಲೆನಾಡೇ. 1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದವು, ಅಕ್ಕಪಕ್ಕದ ಹಳ್ಳಿಗಳ ಜನರೂ ಜ್ವರ ಹಿಡಿದು ಸಾಯುತ್ತಿದ್ದರು. ಮಂಗಗಳನ್ನು ಕೊಲ್ಲುವ ಹಳದಿ ಜ್ವರವೇನಾದರೂ ಭಾರತಕ್ಕೆ ಕಾಲಿಟ್ಟಿತೋ ಎಂಬ ಗಾಬರಿಯಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿ ಬಂತು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅಂದರೆ ಆ ಕೇಂದ್ರವೇ. ಡಾ. ಟೆಲ್ಫರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಾಪಿಡೋ ಮುಂತಾದವರು ಪರೀಕ್ಷಿಸಿ ನೋಡಿದಾಗ ಅದು ಹಳದಿ ಜ್ವರವಲ್ಲ, ಅಲ್ಲಿಯವರೆಗೆ ಜಗತ್ತು ಕಾಣದ ಹೊಸ ವೈರಾಣು ಎಂದು ತಿಳಿಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಅದು ಹತ್ತಿರದ ನೆಂಟ. ಹಾಗಾದರೆ ಅಷ್ಟು ದೂರದಿಂದ ವಲಸೆ ಹಕ್ಕಿಗಳು ತಂದವೋ ಎಂಬ ಶಂಕೆ ಹುಟ್ಟಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯುವ ಡಾ. ಸಾಲಿಂ ಅಲಿಯವರ ಕೆಲಸಕ್ಕೆ ನೆರವು ಒದಗಿದ್ದರಲ್ಲಿ ಈ ಶಂಕೆಯ ಪಾಲೂ ಇತ್ತು. ಹೊಸ ರೋಗಕ್ಕೆ ಕೊನೆಗೆ ನಮ್ಮ ಕಾಡಿನ ಹೆಸರೇ ನಿಂತಿತು. ಜಗತ್ತಿನ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ರೋಗವೆಂದೇ ಇದೆ. ಇಂಥ ಕೀರ್ತಿ ನಮಗೆ ಬೇಡವಾಗಿತ್ತು.

ರೋಗ ಹರಡುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಇನ್ನೂ ಅನೇಕರು ಮಂಗವೇ ರೋಗ ತರುತ್ತದೆಂದು ನಂಬಿದ್ದಾರೆ. ವೈರಾಣುವನ್ನು ಹೊತ್ತು ತಿರುಗುವುದು ಉಣುಗು. ಕೆಲವೆಡೆ ಉಣ್ಣೆ ಎಂದೂ ಹೇಳುತ್ತಾರೆ. ಕಾಡಿನ ಇಲಿ, ಸುಂಡಿಲಿಗಳ ಮೈಮೇಲೆ ಬೆಳೆಯುವ ಉಣುಗುಗಳ ನಡುವೆ ವೈರಾಣು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಅಂಥ ಉಣುಗು ಮಂಗಕ್ಕೆ ಕಚ್ಚಿದರೆ ಕಪ್ಪು ಮೋರೆಯ ಮುಸಿಯವಾಗಲಿ ಕೆಂಪು ಮೋರೆಯ ಮಂಗವಾಗಲಿ ನಮ್ಮಂತೆಯೇ ಜ್ವರ ಬಂದು ನರಳುತ್ತದೆ. ಆಗ ಅದರ ರಕ್ತದಲ್ಲಿ ವೈರಾಣು ತುಂಬಿ ತುಳುಕುತ್ತದೆ, ಮೈಮೇಲಿರುವ ನೂರಾರು ಮರಿ ಉಣುಗುಗಳಿಗೂ ಅಂಟುತ್ತದೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅವೆಲ್ಲ ಉದುರಿ ದರಗಿನೊಳಗೆ ಸೇರುತ್ತವೆ, ಪೊರೆ ಕಳಚಿ ಮುಂದಿನ ಹಂತಕ್ಕೆ ಬೆಳೆದು ಇನ್ನೊಂದು ಬಿಸಿರಕ್ತದ ಮೈಗಾಗಿ ಕಾಯುತ್ತವೆ. ಮಂಗ ಸತ್ತ ಜಾಗವೆಂದರೆ ಮದ್ದು ತುಂಬಿದ ಕೋವಿ ಇಟ್ಟ ಜಾಗ. ನಾವು ಮಂಗವನ್ನು ಹೂಳಿಸಿದೆವು, ಕೋವಿ ಅಲ್ಲೇ ಉಳಿಯಿತು.

ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಈ ನಡುಹರೆಯದ ಉಣುಗು. ಎಳ್ಳಿನ ಕಾಳಿಗಿಂತ ಚಿಕ್ಕದು, ಕಚ್ಚಿದ್ದು ಎಷ್ಟೋ ವೇಳೆ ಗೊತ್ತಾಗುವುದೇ ಇಲ್ಲ. ಅದರ ಸುಗ್ಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅದರಲ್ಲಿಯೂ ಜನವರಿಯಿಂದ ಮಾರ್ಚ್ ಬಹಳ ಜೋರು. ನಮ್ಮ ಪಂಚಾಂಗವನ್ನು ಪಕ್ಕದಲ್ಲಿಟ್ಟು ನೋಡಿ: ಅಡಿಕೆಯ ಕೊನೆ ಕೊಯ್ಲು, ರೋಬಸ್ಟಾ ಕುಯಿಲು, ಕೊಟ್ಟಿಗೆಗೆ ಮತ್ತು ತೋಟಕ್ಕೆ ದರಗು ತರುವುದು, ಸೌದೆ ಒಟ್ಟುವುದು, ಎಲ್ಲವೂ ಅದೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಬಲಿತ ಉಣುಗು ದನ, ಎಮ್ಮೆ, ಕಾಡುಪ್ರಾಣಿಗಳ ಮೈಯೇರಿ ರಕ್ತ ಕುಡಿದು ಮೊಟ್ಟೆಯಿಡುತ್ತದೆ. ದನಕ್ಕೆ ಈ ರೋಗ ಬಾಧಿಸದು. ಆದರೆ ಉಣುಗಿನ ಸಂತತಿ ಹೆಚ್ಚಲು ದನವೇ ಆಧಾರ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಗೆ ಹೋಗಲು, ಆರೈಕೆ ಮಾಡಲು ಯಾರೂ ಹಿಂಜರಿಯಬೇಕಾಗಿಲ್ಲ.

ಕಾಯಿಲೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ತಲೆದೋರುತ್ತದೆ. ಮೊದಲ ಸುತ್ತಿನಲ್ಲಿ ಜ್ವರ, ಮೈನೋವು, ವಾಂತಿ, ಭೇದಿ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಹೆಚ್ಚಿನವರು ಒಂದೆರಡು ವಾರದಲ್ಲಿ ಏಳುತ್ತಾರೆ. ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಮಾತ್ರ ಎರಡನೆಯ ಸುತ್ತು ಬರುತ್ತದೆ. ನಮ್ಮ ತೋಟದ ಆ ಹೆಂಗಸಿಗೆ ಆದದ್ದು ಇದೇ. ನಡುಕ, ಬುದ್ಧಿಭ್ರಮಣೆ, ದೃಷ್ಟಿದೋಷ, ಕುತ್ತಿಗೆ ಬಿಗಿತ ಇವೆಲ್ಲ ಮಿದುಳು ಮತ್ತು ಅದರ ಪೊರೆ ಬಾಧಿತವಾದ ಲಕ್ಷಣಗಳು. ಇಂಥವರನ್ನು ಕಂಡಾಗ ದೆವ್ವ ಮೆಟ್ಟಿತೆಂದು ಹರಕೆಗೆ, ತಾಯಿತಕ್ಕೆ ಓಡಿ ದಿನ ಕಳೆದುಕೊಂಡ ಮನೆಗಳೂ ನಮ್ಮ ಸೀಮೆಯಲ್ಲಿವೆ. ಹರಕೆ ಹೊರಬೇಡಿ ಎನ್ನಲು ನಾವು ಯಾರು? ಆಸ್ಪತ್ರೆಗೆ ಸೇರಿಸಿದ ಮೇಲೆ ಹೊರಲಿ ಎಂಬುದಷ್ಟೇ ನಮ್ಮ ಕೋರಿಕೆ. ಕಾಯಿಲೆ ಹಿಡಿದವರಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು ಮಂದಿ. ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ಮೈಯ ನೀರು ಆರದಂತೆ, ರಕ್ತ ಸೋರದಂತೆ ಕಾಯುವ ಆರೈಕೆಯೇ ಚಿಕಿತ್ಸೆ. ಅದು ಹೊತ್ತಿಗೆ ಸರಿಯಾಗಿ ಸಿಕ್ಕರೆ ಬಹುಮಂದಿ ಉಳಿಯುತ್ತಾರೆ. ಮೈನೋವಿಗೆಂದು ಅಂಗಡಿಯಿಂದ ಆಸ್ಪಿರಿನ್‌ನಂಥ ಮಾತ್ರೆ ತಂದು ನುಂಗಿಸಬಾರದು, ಅದು ರಕ್ತಸ್ರಾವವನ್ನು ಹೆಚ್ಚಿಸೀತು.

ಇನ್ನು ಈಚಿನ ಸಂಶೋಧನೆಯ ಮಾತು. ಕಾಡಿಗೂ ಈ ಕಾಯಿಲೆಗೂ ಇರುವ ನಂಟನ್ನು 1969ರಷ್ಟು ಹಿಂದೆಯೇ ಡಾ. ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ ಬರೆದಿದ್ದರು. ಜನ ಹೆಚ್ಚಿ, ಕಾಡು ಕಡಿದು ಗದ್ದೆ ಮಾಡಿ, ಕಾಡಂಚಿನಲ್ಲಿ ದನ ಮೇಯಿಸತೊಡಗಿದ್ದರಿಂದ ಉಣುಗು ಹೆಚ್ಚಿತು, ಒಳಗಡಗಿದ್ದ ರೋಗ ಹೊರಬಂತು ಎಂಬುದು ಅವರ ವಾದದ ಸಾರ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ಸಾವಿರಕ್ಕೂ ಮೀರಿದ ಜನರಿಗೆ ರೋಗ ತಗುಲಿತು. 2012ರಿಂದ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ನಡೆದದ್ದನ್ನು ಆ ಕಡೆಯ ನಮ್ಮ ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಆ ಅರಳಗೋಡಿನ ವರ್ಷಗಳಲ್ಲೇ ಇಂಗ್ಲೆಂಡಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಏಟ್ರೀ ಸಂಸ್ಥೆ, ಪಶುರೋಗ ಸಂಶೋಧನಾ ಸಂಸ್ಥೆ, ನಮ್ಮ ಆರೋಗ್ಯ ಇಲಾಖೆಯವರು ಒಟ್ಟುಗೂಡಿ ಒಂದು ಅಧ್ಯಯನ ನಡೆಸಿದರು. ವೈದ್ಯರು ಮನುಷ್ಯರನ್ನು, ಪಶುವೈದ್ಯರು ದನವನ್ನು, ಅರಣ್ಯದವರು ಮಂಗವನ್ನು ಬೇರೆಬೇರೆ ನೋಡಿ ಪ್ರಯೋಜನವಿಲ್ಲ, ಮೂರನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಬೇಕೆಂಬುದು ಅದರ ಹಟ. 2020ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಾಯಿಲೆಯ ಅಪಾಯ ಹೆಚ್ಚಿರುವುದು ನಿತ್ಯಹಸಿರು ಕಾಡು ಮತ್ತು ತೋಟಗಳು ಒಂದಕ್ಕೊಂದು ಹೆಣೆದುಕೊಂಡಿರುವ, ನಾಡತಳಿಯ ದನಗಳು ಬಹಳವಿರುವ ಕಡೆಗಳಲ್ಲಿ. ಒಣ ಎಲೆಯುದುರುವ ಕಾಡು ಜಾಸ್ತಿಯಿರುವಲ್ಲಿ ಅಪಾಯ ಕಡಿಮೆ. ಈ ಲೆಕ್ಕದಿಂದ 2019ರಲ್ಲಿ ರೋಗ ಹೊಸದಾಗಿ ಕಾಣಿಸಿಕೊಂಡ ಜಾಗಗಳನ್ನು ಬಹುಮಟ್ಟಿಗೆ ಸರಿಯಾಗಿ ಗುರುತಿಸಲು ಸಾಧ್ಯವಾಯಿತೆಂದು ಅವರು ತೋರಿಸಿದ್ದಾರೆ. ಓದಿದಾಗ, ಹೆಸರು ಹಾಕದೆ ನಮ್ಮ ಮನೆಯ ಚಿತ್ರವನ್ನೇ ಬರೆದಿದ್ದಾರಲ್ಲ ಎನಿಸಿತು: ಮೇಲೆ ಬೆಟ್ಟ, ಕೆಳಗೆ ತೋಟ, ನಡುವೆ ಕೊಟ್ಟಿಗೆ. ತೋಟವೇ ತಪ್ಪು, ದನವೇ ತಪ್ಪು ಎಂದು ಇದರ ಅರ್ಥವಲ್ಲ. ಕಾಡಿನ ಅಂಚು ಎಲ್ಲೆಲ್ಲಿ ನಮ್ಮ ಅಂಗಳಕ್ಕೆ ತಾಗುತ್ತದೋ ಅಲ್ಲಲ್ಲಿ ಎಚ್ಚರವಿರಬೇಕು ಎಂದಷ್ಟೇ ಅರ್ಥ.

ಲಸಿಕೆಯ ವಿಚಾರ ಸದಸ್ಯರು ಪದೇ ಪದೇ ಕೇಳುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ದಶಕಗಳ ಕಾಲ ಕೊಟ್ಟರು. 1990ರ ದಶಕದ ಆರಂಭದ ಪರೀಕ್ಷೆಯಲ್ಲಿ ಎರಡು ಚುಚ್ಚುಮದ್ದು ಪಡೆದವರಿಗೆ ಶೇ. 93ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಅಂಕಿಅಂಶ ತೆಗೆದು ನೋಡಿದಾಗ ಅದು ಶೇ. 62ಕ್ಕೆ ಇಳಿದಿತ್ತು, ಮೂರನೆಯ ಬಲವರ್ಧಕ ಸೇರಿದರೆ ಶೇ. 83. ವರ್ಷವರ್ಷವೂ ಚುಚ್ಚಿಸಿಕೊಳ್ಳಬೇಕು, ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಆದ್ದರಿಂದ ಎರಡನೆಯದಕ್ಕೆ ಬಾರದವರೇ ಹೆಚ್ಚು. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆ ತಯಾರಿಸುವ ಕೆಲಸವನ್ನು ಕೈಗೆತ್ತಿಕೊಂಡ ಸುದ್ದಿ 2024ರಲ್ಲಿ ಬಂತು. ಲಸಿಕೆಯೆಂದರೆ ಹಲವು ಹಂತದ ಪರೀಕ್ಷೆ ದಾಟಿ ಬರಬೇಕಾದದ್ದು. ಹಿಂದೆ ಹಳೆಯ ಲಸಿಕೆ ಹಾಕಿಸಿಕೊಂಡವರು ತಮಗಿನ್ನೂ ರಕ್ಷಣೆಯಿದೆಯೆಂದು ನೆಚ್ಚಿಕೊಂಡು ಕೂರಬಾರದು. ರೋಗಪತ್ತೆಯಲ್ಲಿ ಮಾತ್ರ ನಿಜವಾದ ಪ್ರಗತಿಯಾಗಿದೆ. ಹಿಂದೆ ರಕ್ತ ಪುಣೆಗೆ ಹೋಗಿ ಫಲಿತಾಂಶ ಬರುವಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದ, ಇಲ್ಲವೇ ತೀರಿಕೊಂಡಿರುತ್ತಿದ್ದ. ಈಗ ವೈರಾಣುವಿನ ಗುರುತನ್ನೇ ರಕ್ತದಲ್ಲಿ ಹುಡುಕುವ ಪರೀಕ್ಷೆ ಜ್ವರದ ಮೊದಲ ದಿನಗಳಲ್ಲೇ ಉತ್ತರ ಕೊಡುತ್ತದೆ, ಶಿವಮೊಗ್ಗದಲ್ಲೇ ನಡೆಯುತ್ತದೆ. ಆದ್ದರಿಂದ ಜ್ವರ ಬಂದು ನಾಲ್ಕು ದಿನ ಕಾಯದೆ, ಬೆಟ್ಟಕ್ಕೆ ಹೋಗಿದ್ದೆನೆಂದು ವೈದ್ಯರಿಗೆ ಬಾಯಿ ಬಿಟ್ಟು ಹೇಳಬೇಕು.

ಬೆಟ್ಟಕ್ಕೆ ಹೋಗದಿರಿ ಎಂದು ಹೇಳುವುದು ಸುಲಭ. ದರಗಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಆದರೆ ಎಷ್ಟು ಹೋಗಬೇಕು, ಯಾವಾಗ ಹೋಗಬೇಕು ಎಂಬುದು ನಮ್ಮ ಕೈಯಲ್ಲಿದೆ. ತೋಟದಲ್ಲೇ ಬೀಳುವ ಸೋಗೆ, ಹಾಳೆ, ಸಿಪ್ಪೆಗಳನ್ನು ಕತ್ತರಿಸಿ ಎರೆಗೊಬ್ಬರ ಮಾಡುವ ವಿಧಾನವನ್ನು ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರ ಬಹುಕಾಲದಿಂದ ಹೇಳಿಕೊಡುತ್ತಿದೆ. ಅದನ್ನು ಹಿಡಿದರೆ ಬೆಟ್ಟದ ದರಗಿನ ಹೊರೆ ಕಡಿಮೆಯಾಗುತ್ತದೆ. ಹೋಗಲೇಬೇಕಾದವರು ತುಂಬುತೋಳು, ಕಾಲು ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಸವರಿಕೊಂಡು ಹೋಗಲಿ. ದರಗಿನ ಮೇಲೆ ಕುಳಿತು ಎಲೆಯಡಿಕೆ ಹಾಕುವುದು ಬೇಡ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಬರಿಗೈಯಲ್ಲಿ ಹಿಸುಕಬಾರದು, ಚಿಮಟದಿಂದ ಬುಡದಲ್ಲಿ ಹಿಡಿದು ಕೀಳಬೇಕು. ದನಗಳ ಬೆನ್ನಿಗೆ ಹೊಯ್ಯುವ ಉಣುಗುನಾಶಕವನ್ನು ಪಶುವೈದ್ಯರ ಬಳಿ ಕೇಳಿ ಹಾಕಿಸುವುದು ಮಳೆಗಾಲದಲ್ಲೇ ಆಗಬೇಕಾದ ಕೆಲಸ. ದರಗಿನ ಗುಪ್ಪೆ ಜಗಲಿಯ ಪಕ್ಕದಲ್ಲಿ ಬೇಡ.

ಕೆಲಸಕ್ಕೆ ಬರುವವರ ಬಗ್ಗೆ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇವೆ. ದರಗಿಗೆ ಹೋಗುವವರು ಬಹುಪಾಲು ನಾವಲ್ಲ, ನಮ್ಮ ಆಳುಗಳು. ಔಷಧಿ ಹೊಡೆಯುವ ದೋಟಿಗೆ ಸಾವಿರಾರು ರೂಪಾಯಿ ಕೊಡುವ ನಾವು ಪುಕ್ಕಟೆ ಸಿಗುವ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ತಂದು ಅವರ ಕೈಗಿಡಲು ಬೇಸರಿಸುತ್ತೇವೆ. ಜ್ವರವೆಂದು ಮೂರು ದಿನ ಬಾರದಿದ್ದರೆ ಕುಡಿದು ಮಲಗಿರಬೇಕೆಂದು ಗೊಣಗುತ್ತೇವೆ. ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ ನೋಡಿಬರಲಿ.

ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಹೂಳಬೇಡಿ. ಎಲ್ಲ ಮಂಗಗಳೂ ಇದೇ ಕಾಯಿಲೆಯಿಂದ ಸಾಯುವುದಿಲ್ಲ, ನಿಜ. ಅದನ್ನು ಪರೀಕ್ಷೆ ಹೇಳಲಿ. ಆಶಾ ಕಾರ್ಯಕರ್ತೆಗೋ, ಆರೋಗ್ಯ ಕೇಂದ್ರಕ್ಕೋ, ಅರಣ್ಯದವರಿಗೋ ಅದೇ ದಿನ ತಿಳಿಸಿ. ಅವರು ಬಂದು ಮಾದರಿ ತೆಗೆದು, ಕಳೇಬರ ಸುಟ್ಟು, ಸುತ್ತಲೂ ಉಣುಗು ಸಾಯುವ ಪುಡಿ ಎರಚುತ್ತಾರೆ. ಆ ಬದಿಗೆ ಆ ಬೇಸಿಗೆಯಲ್ಲಿ ಜನ, ದನ ಹೋಗದಂತೆ ನೋಡಿಕೊಳ್ಳಬೇಕು. ಮೊನ್ನೆಯ ಆ ಹಿರಿಯರಿಗೆ ಮರುದಿನವೇ ನಾವು ಫೋನು ಮಾಡಿದೆವು. "ನಕ್ಕಿದ್ದು ತಪ್ಪಾಯ್ತು ಮಾರಾಯ್ರೆ, ಆಸ್ಪತ್ರೆಗೆ ಹೇಳಿ ಆಯ್ತು" ಎಂದರು. ಎಣ್ಣೆಯ ಬಾಟಲಿಗಳನ್ನು ಆರೋಗ್ಯ ಕೇಂದ್ರದಿಂದ ತರಿಸಿ ಸಂಘದ ಗೊಬ್ಬರದ ಕೌಂಟರಿನಲ್ಲೇ ಇಡಲು ಆಡಳಿತ ಮಂಡಳಿಗೆ ಅರ್ಜಿ ಕೊಟ್ಟಿದ್ದೇವೆ. ಗೊಬ್ಬರಕ್ಕೆ ಬಂದವರು ಮನೆಯಿಂದ ಬೆಟ್ಟಕ್ಕೆ ಹೋಗುವ ಆಳುಗಳ ಲೆಕ್ಕ ಹೇಳಿ ಕೇಳಿದರೆ ಸಾಕು.